ಮೂಲೆಯ ಚುಕ್ಕಿ

ಮೊಂಟೆವಿಡಿಯೊ, ಜುಲೈ ತಿಂಗಳ ಚಳಿ, ರಾತ್ರಿ ಒಂದೂವರೆ.
ಪಿಂಚಣಿ ಕಚೇರಿಯ ಮೂರನೇ ಮಹಡಿಯಲ್ಲಿ ನಾವು ನಾಲ್ವರು.
ಹಳೆಯ ಸರ್ವರಿನಿಂದ ಹೊಸದಕ್ಕೆ
ನಾಲ್ಕು ಲಕ್ಷ ಮುದುಕರನ್ನು ದಾಟಿಸುವ ಕೆಲಸ.
ಒಬ್ಬರಿಗೂ ಎಚ್ಚರವಾಗಕೂಡದು.

ಪರದೆಯ ಮೇಲೆ ಶೇಕಡ ಅರವತ್ತೆರಡು.
ಹತ್ತು ನಿಮಿಷದ ಹಿಂದೆಯೂ ಅರವತ್ತೆರಡೇ.

ವಾಲ್ದೆಮಾರ್ ಸೋರೆಬುರುಡೆಯ ಸೊಪ್ಪಿಗೆ ಬಿಸಿನೀರು ಸುರಿದು
ಕೊಳವೆ ಚೀಪುತ್ತ ಶುರುಮಾಡಿದ:
'ಮೊನ್ನೆ ಒಂದು ಸಿನಿಮಾ. ಹುಡುಗ ಬರ್ತಾನೆ, ಟೋಪಿ ಬೇರೆ,
ಮೂರು ಸಲ ಟಕಟಕ ಅಂತಾನೆ,
ಇಡೀ ಬ್ಯಾಂಕು ಅವನ ಅಂಗೈಯಲ್ಲಿ!
ನನ್ನ ಪಾಸ್‌ವರ್ಡ್ ನಾನೇ ಮರೆತರೆ
ಅರ್ಜಿ ಗುಜರಾಯಿಸಿ ಮೂರು ದಿನ ಕಾಯಬೇಕು.'

'ಅದು ಹಾಳಾಗಲಿ,' ಎಂದ ಎಬೆರ್, ನಮ್ಮಲ್ಲಿ ಕಿರಿಯ.
'ಖಳನಾಯಕ ಗುಂಡಿ ಒತ್ತಿದ, ದೇಶದ ದಾಖಲೆಯೆಲ್ಲ ಅಳಿಸಿಹೋಯ್ತು,
ನಾಯಕಿ ಅಳ್ತಾ ಇದ್ದಾಳೆ.
ಬ್ಯಾಕಪ್ ಎಲ್ಲಿ ಅಂತ ಕೇಳಿದವನು ಥಿಯೇಟರಿನಲ್ಲಿ ನಾನೊಬ್ಬನೇ.
ಪಕ್ಕದಲ್ಲಿದ್ದವಳು ಶ್ ಅಂದಳು.
ಆಮೇಲೆ ಫೋನು ಎತ್ತೋದನ್ನೂ ಬಿಟ್ಟಳು.'

'ಬ್ಯಾಕಪ್ ಇದ್ದಿರುತ್ತೆ ಕಣೋ,' ಎಂದೆ ನಾನು.
'ವಾಪಸ್ ತುಂಬಿ ನೋಡಿದವರು ಇರೋದಿಲ್ಲ.
ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು.'

ಹೇಳುತ್ತ ಎಲ್ಲರೂ ವಾಲ್ದೆಮಾರನ ಕಡೆ ನೋಡಿದೆವು.
ಹೋದ ವರ್ಷ ಕೊನೆಯದೊಂದು ಸಾಲು ಬರೆಯಲು ಮರೆತು
ಹನ್ನೊಂದು ನಿಮಿಷ ಇಡೀ ದೇಶವನ್ನೇ
ವಿಧವೆ ಮಾಡಿದ ಪುಣ್ಯಾತ್ಮ,
ಗಂಡಸರನ್ನೂ ಬಿಡದೆ.
'ಅದನ್ನು ಸಿನಿಮಾ ಮಾಡಿ,' ಎಂದ ಅವನು, ಗಂಭೀರವಾಗಿ.

ಎಬೆರನಿಗೆ ಏನೂ ನಡೆಯದ ಸಿನಿಮಾಗಳ ಹುಚ್ಚು.
ಮುದುಕನೊಬ್ಬ ಬಾಗಿಲು ನೋಡುತ್ತ ಕೂತಿರುತ್ತಾನಂತೆ,
ಎರಡೂವರೆ ಗಂಟೆ. ಬಾಗಿಲು ತೆರೆಯುವುದಿಲ್ಲ.
'ಅದು ಸಿನಿಮಾ ಅಲ್ಲ, ನಮ್ಮ ತಿಂಗಳ ಕೊನೆಯ ವರದಿ.'

ಅರವತ್ತಮೂರು.

ಕಿತ್ತಳೆ ಸುಲಿಯುತ್ತಿದ್ದ ನೀಬಿಯಾ ಆಗ ಬಾಯಿಬಿಟ್ಟಳು,
ನಿವೃತ್ತಿಗೆ ಎರಡು ವರ್ಷ ಉಳಿದವಳು:
'ನಮ್ಮಪ್ಪ ಸೆರ್ರೊ ಬಡಾವಣೆಯ ಟಾಕೀಸಿನಲ್ಲಿ ಯಂತ್ರ ಓಡಿಸ್ತಿದ್ದ.
ಎರಡು ಯಂತ್ರ. ಒಂದೊಂದು ಸುರುಳಿಗೆ ಇಪ್ಪತ್ತು ನಿಮಿಷ.
ಮುಗಿಯೋ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ
ಒಂದು ಚುಕ್ಕಿ, ರೆಪ್ಪೆ ಬಡಿಯುವಷ್ಟು ಹೊತ್ತು.
ಎರಡನೇ ಯಂತ್ರ ಚಾಲೂ.
ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ. ಬದಲಿಸು.
ಮುತ್ತು ಈ ಯಂತ್ರದಲ್ಲಿ ಶುರುವಾಗಿ
ಆ ಯಂತ್ರದಲ್ಲಿ ಮುಗೀತಿತ್ತು.
ಜನಕ್ಕೆ ಗೊತ್ತೇ ಆಗ್ತಿರಲಿಲ್ಲ.'

'ತಪ್ಪಲೇ ಇಲ್ಲವಾ?'

'ಒಂದೇ ಸಲ. ಬ್ರೆಡ್ಡು ತಿನ್ತಿದ್ದ.
ಪರದೆ ಬೆಳ್ಳಗಾಯ್ತು. ಶಿಳ್ಳೆ, ಬೈಗುಳ,
ಹೆಸರು ಹಿಡಿದು ಕೂಗಿದರು: ಏ ಒಲೆಗಾರಿಯೊ!
ಮನೆಗೆ ಬಂದು ಅಮ್ಮನ ಹತ್ತಿರ ಅಂದನಂತೆ,
ನೋಡು, ಅವರಿಗೆ ನನ್ನ ಹೆಸರು ಗೊತ್ತು.'

ಕಿತ್ತಳೆಯ ತೊಳೆಗಳು ಕೈಯಿಂದ ಕೈಗೆ ಹೋದವು.
ಸಮುದ್ರದಷ್ಟು ಅಗಲದ ಹೊಳೆಯ ಗಾಳಿ
ಕಿಟಕಿಯನ್ನು ಅಲುಗಿಸುತ್ತಿತ್ತು.
ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ,
ಮಲಗಿದ್ದವರನ್ನು ದಾಟಿಸಿದರೆ
ಹಾಗೆನ್ನುವುದಕ್ಕೂ ಯಾರಿರುವುದಿಲ್ಲ.

ಮೂರು ಐವತ್ತೆರಡಕ್ಕೆ ನೂರಾಯಿತು.
ನೀಬಿಯಾ ಬೆರಳೆತ್ತಿದಳು. ಎಬೆರ್ ಉಸಿರು ಹಿಡಿದ.
ಹಳೆಯದು ಕೆಂಪು.
ಎಣಿಸಿದೆವು, ಜೋರಾಗಿ, ಮಕ್ಕಳ ಹಾಗೆ,
ಏಳರ ತನಕ.
ಹೊಸದು ಹಸಿರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ವಾಲ್ದೆಮಾರ್ ಆಕಳಿಸಿದ,
ನಂಬಿಕೆಯಿಲ್ಲದೆ ಇನ್ನೊಂದು ಸಲ ಲೆಕ್ಕ ಹಾಕಿದ:
ವಿಧವೆಯರು ಇದ್ದಷ್ಟೇ ಇದ್ದರು.

ಕೋಟಿನ ಗುಂಡಿ ಹಾಕಿಕೊಳ್ಳುವಾಗ ಫೋನು ಬಡಿದುಕೊಂಡಿತು.
ಇಷ್ಟು ಹೊತ್ತಿನಲ್ಲಿ ಒಳ್ಳೆಯ ಸುದ್ದಿಗೆ ಯಾರೂ ಫೋನು ಮಾಡುವುದಿಲ್ಲ.
ಎತ್ತಿದೆ. ಆ ಕಡೆಯವರ ಮೊದಲ ಪ್ರಶ್ನೆ:
'ಮಾತಾಡ್ತಿರೋದು ಯಾರು? ಹೆಸರು ಹೇಳಿ.'

ನೀಬಿಯಾಳ ಕಡೆ ನೋಡಿದೆ. ಅವಳಾಗಲೇ ನಗುತ್ತಿದ್ದಳು.

'ವಾಲ್ದೆಮಾರ್,' ಎಂದೆ.