ಒಂದೇ ಸಲ ಕೇಳಿಸುತ್ತದೆ

ಬಂದರಿನಿಂದ ಕೊನೆಯ ಫೆರಿ ಹಿಡಿದು ಬೆಂಗ್ರೆಗೆ ಬಂದರೆ
ಊಟಕ್ಕೆ ಮೊದಲು ಅರ್ಧ ತಾಸು ಇಂಗ್ಲಿಷು.
ಉಪ್ಪಿನಕಾಯಿ ಭರಣಿಗೆ ಮೊಬೈಲು ಒರಗಿಸಿ ಕೂರುತ್ತೇನೆ.
ದೊರೆಸಾನಿಯ ದನಿ, ಇಸ್ತ್ರಿ ಹಾಕಿಟ್ಟ ಹಾಗೆ:
'ಇದನ್ನು ನೀವು ಒಂದೇ ಸಲ ಕೇಳುವಿರಿ.'
ಅಷ್ಟು ಮಾತ್ರ ನನಗೆ ಬಾಯಿಪಾಠ.

ಹದಿನೇಳು ವರ್ಷ ಟ್ರಾಲ್ ಬೋಟಿನಲ್ಲಿ
ಇಂಜಿನಿನ ಮಗ್ಗುಲಿಗೇ ಮಲಗಿದವ ನಾನು.
ಮೂರನೆಯ ಇಂಜೆಕ್ಟರ್ ಕೆಮ್ಮುತ್ತಿದೆ,
ಬಲೆ ಕಲ್ಲಿಗೆ ಸಿಕ್ಕಿತು, ಗಾಳಿ ತಿರುಗಿತು,
ಎಲ್ಲ ನಿದ್ದೆಯಲ್ಲೇ ಹೇಳುತ್ತಿದ್ದೆ.
ಅಂಥ ಕಿವಿಗೆ ಈಗ
ಥರ್ಟೀನೂ ಥರ್ಟಿಯೂ ಒಂದೇ.
ಹದಿಮೂರು ಜನ ಹತ್ತಬೇಕಾದ ಲೈಫ್‌ಬೋಟಿಗೆ
ಮೊನ್ನೆ ಮೂವತ್ತು ಜನರನ್ನು ಹತ್ತಿಸಿ ಮುಳುಗಿಸಿದೆ.

ಧಣಿ ಬೋಟು ಮಾರಿದರು.
ದೊಡ್ಡ ಹಡಗಿನ ಇಂಜಿನ್ ರೂಮಿನಲ್ಲಿ ಒರಸುವ ಕೆಲಸ ಉಂಟು,
ಪರೀಕ್ಷೆ ಪಾಸಾದರೆ, ಎಂದ ಏಜೆಂಟ್.
ಒರಸಲಿಕ್ಕೂ ಇಂಗ್ಲಿಷಾ ಎಂದು ನಾನು ಕೇಳಲಿಲ್ಲ.
ವಯಸ್ಸು ನಲವತ್ತೊಂದು, ಕೇಳುವ ಕಾಲ ಅಲ್ಲ.

ಇನ್, ಆನ್, ಅಟ್.
ನಮಗೆ ಒಂದು 'ಅಲ್ಲಿ' ಸಾಕು:
ಕಡಲಲ್ಲಿ, ಬೋಟಲ್ಲಿ, ಮನೆಯಲ್ಲಿ, ಜ್ವರದಲ್ಲಿ.
ಅವರಿಗೆ ಬೆಂಕಿ ಇಂಜಿನ್ ರೂಮಿಗಾದರೆ ಇನ್,
ಡೆಕ್ಕಿಗಾದರೆ ಆನ್, ಹಡಗು ಸಮುದ್ರಕ್ಕೆ ಅಟ್.
ಹೊತ್ತಿ ಉರಿಯುವಾಗ ಇದನ್ನೆಲ್ಲ ನೋಡುವವ ಯಾರು
ಎಂದು ಹಂಪನಕಟ್ಟೆಯ ಕ್ಲಾಸಿನಲ್ಲಿ ಕೇಳಿಯೇ ಬಿಟ್ಟೆ.
ಜೆಸಿಂತಾ ಟೀಚರ್ ಕನ್ನಡಕ ತೆಗೆದು ಸೆರಗಿಗೆ ಒರಸಿದರು:
'ನೀರು ಎಲ್ಲಿಗೆ ಬಿಡಬೇಕೆಂದು
ಪೈಪು ಹಿಡಿದವನಿಗೆ ಗೊತ್ತಾಗಬೇಕಲ್ಲ, ಪುರಂದರ.'
ಅಂದಿನಿಂದ ಆ ಮೂರು ಪುಡಿ ಮಾತುಗಳಿಗೆ
ಮರ್ಯಾದೆ ಕೊಡುತ್ತೇನೆ.
ಬರುವುದಿಲ್ಲ, ಅದು ಬೇರೆ.

ಓದಲಿಕ್ಕೆ ಒಂದು ಪುಟ. ಡೆಕ್ಕಿನ ಮೇಲೆ ಎಣ್ಣೆ,
ಅಡುಗೆಯವನ ಕಾಲು ಜಾರಿ ಮಣಿಗಂಟು ಮುರಿಯುತ್ತದೆ.
ಎಣ್ಣೆ ಚೆಲ್ಲಿದ್ದು ಯಾರು?
ನಾಲ್ಕು ಸಲ ಓದಿದೆ. ಹೆಸರೇ ಇಲ್ಲ.
'ವಾಸ್ ಸ್ಪಿಲ್ಟ್' ಅಂತ ಉಂಟು, ಅಷ್ಟೆ.
ಮಾಡಿದವನನ್ನು ಅಡಗಿಸಲಿಕ್ಕೂ ಒಂದು ವ್ಯಾಕರಣವೇ!
ಆಮೇಲೆ ನೆನಪಾಯಿತು,
ಬೋಟಿನ ಲೆಕ್ಕದಲ್ಲಿ ನಾನೂ ಬರೆಯುತ್ತಿದ್ದೆ:
'ಡೀಸೆಲ್ ಕಡಿಮೆಯಾಗಿದೆ.'

ಬಾಗಿಲ ಬಳಿ ವಾರಿಜ ಬೀಡಿ ಕಟ್ಟುತ್ತಾಳೆ.
ಮಡಿಲಲ್ಲಿ ಗೆರಸೆ, ಎಲೆ, ಹುಡಿ, ಕತ್ತರಿ.
ಕೈಗೆ ಕೆಲಸ, ಕಿವಿಗೆ ಬಿಡುವು.
ಮೊದಮೊದಲು ನನ್ನ ಉಚ್ಚಾರಕ್ಕೆ ನಗುತ್ತಿದ್ದಳು.
ಮತ್ತೆ ಸುಮ್ಮನಾದಳು.
ಬೇಸರ ಬಂತೆಂದು ತಿಳಿದಿದ್ದೆ.

ನಿನ್ನೆ ಹನ್ನೊಂದನೆಯ ಪ್ರಶ್ನೆ.
ಗರಗರ, ಗಾಳಿ, ಯಾರೋ ಅವಸರದಲ್ಲಿ.
'ಎಂತ ಹೇಳಿದ ಇವ?' ಎಂದೆ, ನನಗೆ ನಾನೇ.
ನೂಲು ಹಲ್ಲಲ್ಲಿ ಕಚ್ಚಿಕೊಂಡೇ ಅವಳು:
'ಪೋರ್ಟ್ ಸೈಡಂತೆ. ಎರಡನೆಯ ಪಂಪು.
ಬೇಗ ಅಲ್ಲ ಮಾರಾಯ್ರೇ, ನಿಧಾನ ಅಂದದ್ದು.'
ಉತ್ತರದ ಹಾಳೆ ಮಗುಚಿದೆ. ಸರಿ.
ಹನ್ನೆರಡೂ ಸರಿ. ಹದಿಮೂರೂ.

'ಎಷ್ಟನೆಯವರೆಗೆ ಹೋಗಿದ್ದೆ ಶಾಲೆಗೆ?'
ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ
ಮೊದಲ ಸಲ ಕೇಳಿದೆ.
'ಏಳು. ಎಂಟಕ್ಕೆ ಹೊಳೆ ದಾಟಬೇಕಿತ್ತು.'
ಮತ್ತೇನೂ ಹೇಳಲಿಲ್ಲ. ಇಪ್ಪತ್ತೈದು ಎಣಿಸಿ
ಒಂದು ಕಟ್ಟು ಬಿಗಿದು ಬದಿಗಿಟ್ಟಳು.
ಮೊಬೈಲಿನಲ್ಲಿ ಹಡಗು ಮುಂದೆ ಹೋಗುತ್ತಲೇ ಇತ್ತು,
ಹದಿನಾಲ್ಕು, ಹದಿನೈದು. ನಿಲ್ಲಿಸಲು ತೋಚಲಿಲ್ಲ.
ಹೌದಲ್ಲ, ಒಂದೇ ಸಲ ಕೇಳಿಸುವುದು.

ಗುರುವಾರ ಪರೀಕ್ಷೆ. ಚೀಟಿಯಲ್ಲಿ ಬರೆದಿದ್ದಾರೆ:
ಪೆನ್ಸಿಲು ತರಬಹುದು. ನೀರು ತರಬಹುದು.
ಜೊತೆಯಲ್ಲಿ ಯಾರನ್ನೂ ತರುವಂತಿಲ್ಲ.
ಆ 'ಅಲ್ಲಿ'ಗೆ ಯಾವುದು, ಇನ್ನೋ, ಆನೋ, ಅಟ್ಟೋ?
ವಾರಿಜಳನ್ನು ಕೇಳಬೇಕು.
ತಡೆಯಿರಿ ಎನ್ನುತ್ತಾಳೆ,
ಇವತ್ತಿನ ಲೆಕ್ಕಕ್ಕೆ ಇನ್ನೂ ಇನ್ನೂರು ಬೀಡಿ ಉಂಟಂತೆ.