ಇಸ್ತ್ರಿ ಹಲಗೆ

ನಲವತ್ತು ವರ್ಷ ವಿಸ್ವಾಲ್ದಿಸ್ ಈ ಕೆಲಸವನ್ನು
ಕಿವಿಯಿಂದಲೇ ಮಾಡಿದ.
ತೋಟಕ್ಕೆ ನೀರು ಬಿಡುವ ಪೈಪಿನ ತುಂಡು,
ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ;
ಎಡದ ಉಸಿರು ಕೇಳಿ, ಬಲದ ಉಸಿರು ಕೇಳಿ
ಕಾಲು ಸುತ್ತು ತಿರುಪು.
ಕುಲ್ದೀಗದ ಅರ್ಧ ಊರು ತನ್ನ ಬೈಕು ತಂದು
ನಮ್ಮ ಶೆಡ್ಡಿನ ಮುಂದೆ ನಿಲ್ಲಿಸುತ್ತಿತ್ತು.
ನಾನು ಒಳಗೆ ಯಾರದೋ ಮದುವೆಯ ಉಡುಪಿಗೆ
ಅಂಚು ಹೊಲಿಯುತ್ತಿದ್ದೆ.

ಈ ಏಪ್ರಿಲ್ಲಿನಲ್ಲಿ ನಮ್ಮದೇ ಬೈಕು ನಡುಗತೊಡಗಿತು.
ರೋಸ್ಟಾಕ್‌ನಿಂದ ತಂದ ಹಳೆಯ ಜರ್ಮನ್ ಗಾಡಿ,
ಎಡಕ್ಕೊಂದು ಬಲಕ್ಕೊಂದು ಚಾಚಿದ ಸಿಲಿಂಡರು,
ಸಂತೆಯಲ್ಲಿ ದಾರಿ ಬಿಡಿಸಿಕೊಳ್ಳುವವಳ ಮೊಣಕೈಗಳಂತೆ.
ಇಟ್ಟಿಗೆ ಸೇತುವೆಯ ಬಳಿ ನಿಂತರೆ ಕನ್ನಡಿಯಲ್ಲಿ
ಹಿಂದಿನ ರಸ್ತೆಯೆಲ್ಲ ಕಲಸಿಹೋಗುತ್ತಿತ್ತು.
ಪೈಪು ಹಿಡಿದು ಮೂರು ಸಂಜೆ ಕುಕ್ಕರಗಾಲಲ್ಲಿ ಕೂತ.
ತಿರುಪಿದ, ಕೇಳಿದ, ಮತ್ತೆ ಹಿಂದಕ್ಕೆ ತಿರುಪಿದ.
ನಾಲ್ಕನೆಯ ಸಂಜೆ ಮೂಲಂಗಿ ಪಾತಿಗೆ ಅದನ್ನು ಎಸೆದು
"ಪೈಪು ತೂತಾಗಿದೆ" ಎಂದ.
ತೂತಿರಲಿಲ್ಲ. ನೀರು ಬಿಟ್ಟು ನೋಡಿದೆ.

ಮರುದಿನ ಕಂಬದ ಮೇಲೆ ಕೊಕ್ಕರೆ ಬಂದಿತ್ತು,
ಕೊಕ್ಕು ಬಡಿದು ಕಟಕಟ ಊರಿಗೆಲ್ಲ ಸಾರುತ್ತಿತ್ತು.
"ಬಂತಲ್ಲ" ಎಂದೆ. "ಯಾರು?" ಎಂದ.
ಪ್ರತಿ ವರ್ಷ ಅವನೇ ಮೊದಲು ಹೇಳುತ್ತಿದ್ದ,
ಟ್ಯಾಪೆಟ್ ಸಡಿಲಾದವನು ವಾಪಸು ಬಂದ, ಅಂತ.

ಆ ಮಧ್ಯಾಹ್ನ ಪೇಟೆಗೆ ಹೋದೆ,
ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ನಳಿಗೆ
ನಾಲ್ಕು ಮೀಟರು ತಂದೆ.
ಇಸ್ತ್ರಿ ಹಲಗೆಯನ್ನು ಗೋಡೆಗೆ ಒರಗಿಸಿ,
ನಳಿಗೆಯನ್ನು ಲಾಳದಂತೆ ಬಗ್ಗಿಸಿ, ಪಕ್ಕಪಕ್ಕಕ್ಕೆ ಗುಂಡುಪಿನ್ನು,
ನಡುವೆ ನನ್ನ ಅಳತೆ ಟೇಪು.
ಒಳಗೆ ನೀರು. ಕಣ್ಣಿಗೆ ಕಾಣಲೆಂದು ಬೀಟ್‌ರೂಟ್ ರಸ.

ಇಂಜಿನ್ನು ಚಾಲೂ ಆದದ್ದೇ ತಡ
ಕೆಂಪು ನೀರು ಬಲಕ್ಕೆ ಏರಿತು, ಏರಿತು,
ಸರಕ್ಕನೆ ಒಳಗೇ ಹೋಯಿತು.
ಬೈಕು ಕೆಮ್ಮಿತು. ಶೆಡ್ಡಿನ ತುಂಬ ಬಿಳಿ ಆವಿ.
"ನನ್ನ ಗಾಡಿಗೆ ಸೂಪು ಕುಡಿಸಿದೆಯಲ್ಲೇ" ಎಂದು
ಎಷ್ಟೋ ದಿನದ ಮೇಲೆ ನಕ್ಕ.

ನೀರಿಗೆ ಅವಸರ. ಎಣ್ಣೆ ಹಾಕಿದೆವು,
ಮರ ಕೊಯ್ಯುವ ಗರಗಸದ್ದು, ಹಸಿರು.
ನಳಿಗೆಯ ಕತ್ತಿಗೆ ಬಟ್ಟೆ ಕ್ಲಿಪ್ಪು.
ಈಗ ಅದು ಯೋಚಿಸಿ ಯೋಚಿಸಿ ಏರಿತು,
ಬಲದಲ್ಲಿ ಒಂದು ಗೇಣು ಮೇಲೆ ನಿಂತಿತು.
"ಆ ಕಡೆ ಬಾಗಿಲು ಸಾಲದು, ಅದಕ್ಕೇ ಎಳೀತಿದೆ"
ಎಂದು ಬಲದ ತಿರುಪನ್ನು ಒಳಕ್ಕೆ ಕೊಟ್ಟ.
ನಾನು ಹಲಗೆಯ ಮುಂದೆ ಮಂಡಿಯೂರಿದೆ.
ಬಾಯಲ್ಲಿ ಪಿನ್ನಿಲ್ಲ, ಅಷ್ಟೇ ವ್ಯತ್ಯಾಸ;
ಐವತ್ತು ವರ್ಷ ಹೀಗೇ ಮಂಡಿಯೂರಿ
ಲಂಗದ ಅಂಚು ನೆಲದಿಂದ ಎಷ್ಟೆಂದು ಕಣ್ಣಲ್ಲೇ ಕಂಡವಳು.
ಬೆರಳೆತ್ತಿದೆ: ಇನ್ನೂ. ಅಂಗೈ ತೋರಿದೆ: ಸಾಕು.
ನಿಂತ ಗಾಡಿ ಬೇಗ ಕಾಯುತ್ತದೆಂದು
ಅಡುಗೆಮನೆಯ ಫ್ಯಾನು ತಂದು ಅದರ ಮುಂದಿಟ್ಟೆವು.
ಆಮೇಲೆ ಕೇಬಲ್ಲು. ಹಿಡಿ ತಿರುಗಿಸಿದ ಗಳಿಗೆಗೇ
ಎರಡೂ ಒಟ್ಟಿಗೆ ಏಳಬೇಕು,
ಒಂದು ಸೋಮಾರಿಯಾದರೆ ಎಣ್ಣೆ ಚಾಡಿ ಹೇಳುತ್ತದೆ.

ಕೊನೆಗೆ ಎರಡು ಮಿಲಿಮೀಟರು ಉಳಿಯಿತು.
ಅವನಿಗೆ ಅದೂ ಆಗದು. ನಾನೆಂದೆ,
ಎರಡು ತೋಳೂ ಒಂದೇ ಉದ್ದ ಇದ್ದವರನ್ನು
ಇವತ್ತಿನವರೆಗೆ ನಾನು ಅಳೆದಿಲ್ಲ;
ನಿನ್ನ ಬಲಗೈಯೇ ಉದ್ದ, ಮದುವೆಯ ಕೋಟಿನಿಂದ ಬಲ್ಲೆ.

ಟ್ಯಾಂಕಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತ.
ಕನ್ನಡಿಯಲ್ಲಿ ಶೆಡ್ಡಿನ ಬಾಗಿಲು, ಅದರ ಚಿಲಕ,
ಚಿಲಕದ ಮೊಳೆ, ಎಲ್ಲ ತಂತಮ್ಮ ಜಾಗದಲ್ಲಿ.
ಆಮೇಲೆ, ನನ್ನ ಕಡೆ ನೋಡದೆ, ಕೇಳಿದ:
"ಸದ್ದು ಹೇಗಿದೆ?"

ಅವನ ಕಸುಬಿನ ಮಾತು ನನಗೆ ಬರುವುದಿಲ್ಲ.
"ಒಳ್ಳೆಯ ಬಟ್ಟೆಯನ್ನು ಎಳೆ ಹಿಡಿದು ಸೀಳಿದಂತೆ" ಎಂದೆ.
"ಏನು?" ಎಂದ.
ಹತ್ತಿರ ಹೋಗಿ, ಇಂಜಿನ್ನಿಗಿಂತ ಜೋರಾಗಿ,
ಮತ್ತೊಮ್ಮೆ ಹೇಳಿದೆ.