ಆಡು ಮುಟ್ಟದ್ದು

ಹಾಳೆಯ ಬಲಮೂಲೆಯಲ್ಲಿ ಅಂಗೈಯಗಲದ ಚೀಟಿ.
ಕುಟುಂಬ, ಕುಲ, ಪ್ರಭೇದ, ಸಿಕ್ಕಿದ ಜಾಗ,
ಸಂಗ್ರಹಿಸಿದವರು: ಅಲ್ಲಿ ನನ್ನ ಹೆಸರು,
ಇಂಕು ಸ್ವಲ್ಪ ಹರಡಿದೆ.

ಕುಟುಂಬ ಎಂದಲ್ಲಿ ಪೆನ್ನೆತ್ತಿ ಕೂತೆ.
ನಾವು ಓದುವಾಗ ಇದು ಎಕ್ಕದ ಮನೆಯ ಹುಡುಗಿ;
ಬೀಜಕ್ಕೆ ರೇಷ್ಮೆಯ ಜುಟ್ಟು.
ಆಮೇಲೆ ಯಾರೋ ದೂರದಲ್ಲಿ ರಕ್ತಸಂಬಂಧ ಎಣಿಸಿ
ಎಕ್ಕದ ಮನೆಯನ್ನೇ ಕಣಗಿಲೆ ಮನೆಗೆ ಸೇರಿಸಿದರು.
ಗುಡ್ಡದ ಮೇಲಿನ ಬಳ್ಳಿಗೆ ಸುದ್ದಿ ಮುಟ್ಟಲಿಲ್ಲ.

ಅಪೊಸೈನೇಸಿ ಎಂದು ಬರೆದೆ.
ಸಿರೊಪೀಜಿಯ ಎಂದು ಬರೆದೆ.
ಮೂರನೆಯದಕ್ಕೆ ಪ್ರಶ್ನೆಯ ಗುರುತು, ಪೆನ್ಸಿಲಿನಲ್ಲಿ.

ನಾಗಮಂಗಲದಾಚೆ ತೊಟ್ಟಿಲಗುಡ್ಡ.
ಅರ್ಧ ಗುಡ್ಡ ಆಗಲೇ ಜಲ್ಲಿಯಾಗಿ ಮೈಸೂರಿಗೆ ಬಂದಿದೆ,
ಈ ಕಟ್ಟಡದ ಹೊಸ ಮಹಡಿಯಲ್ಲೂ ಒಂದಿಷ್ಟು ಇದ್ದೀತು.
ಮೂರಕ್ಕೆ ಸೀಟಿ, ಮೂರೂ ಐದಕ್ಕೆ ಸಿಡಿ.
ನಡುವಿನ ಐದು ನಿಮಿಷದಲ್ಲಿ ಸಣ್ಣೀರಮ್ಮ
ಆಡುಗಳನ್ನು ಇಳಿಸಿದಳು, ನನ್ನನ್ನೂ.
ನನ್ನ ಸೆರಗಿನಲ್ಲಿ ಬಳ್ಳಿ, ಗಡ್ಡೆಗಂಟಿದ ಮಣ್ಣು.

"ಎಸ್ರಾ? ಇದ್ಕೆಲ್ಲ ಯಾರವ್ವ ಎಸ್ರು ಮಡಗವ್ರೆ.
ಚಿಕ್ಕೋರಿದ್ದಾಗ ಗಡ್ಡೆ ಅಗ್ದು ಹಸೀದೆ ತಿಂತಿದ್ದೊ,
ಬಾವಿ ನೀರು ಕುಡ್ದಂಗಾಗದು."
ಹತ್ತು ಹೆಜ್ಜೆ ಹೋಗಿ ತಿರುಗಿ ನಿಂತಳು:
"ಆಡ್ ಮುಟ್ಟದ್ ಸೊಪ್ಪು ಅಂತ ಬರ್ಕೊ.
ಕಳ್ಳಿ ಮೆಳೆ ಒಳ್ಗೆ ಕುಂತಿರ್ತದಲ್ಲ."
ಗಾದೆಯೊಂದು ಅವಳ ಬಾಯಲ್ಲೇ ಸೋತಿತು.
ಸ್ಥಳೀಯ ಹೆಸರು ಎಂಬಲ್ಲಿ ಹಾಗೇ ಬರೆದಿದ್ದೇನೆ,
ಕಾಗುಣಿತ ತಿದ್ದದೆ.

ಇವತ್ತು, ಅಂಟು ಹಚ್ಚುವ ಮುನ್ನ, ಹೂವನ್ನು ಮಸೂರದಡಿ ಇಟ್ಟೆ.
ಕಿರುಬೆರಳುದ್ದದ ಲಾಟೀನು, ತುದಿಯಲ್ಲಿ ಐದು ಕಂಬಿ,
ಕೊಳವೆಯೊಳಗೆ ಕೆಳಮುಖದ ರೋಮ.
ತಳದಲ್ಲೊಂದು ನೊಣ,
ಎಳ್ಳಿಗಿಂತ ಚಿಕ್ಕದು.

ಪಾಠ ಬಾಯಿಪಾಠ: ಈ ಹೂ ನೊಣವನ್ನು ಕೊಲ್ಲುವುದಿಲ್ಲ.
ಒಂದು ರಾತ್ರಿ ಇರಿಸಿಕೊಂಡು ಮೂತಿಗೆ ಪರಾಗ ಅಂಟಿಸಿ
ಬೆಳಗಾದ ಮೇಲೆ ರೋಮ ಬಾಡಿಸಿಕೊಂಡು
ತಾನೇ ತಲೆಬಾಗಿ ದಾರಿ ಬಿಡುತ್ತದೆ.
ನಾನು ಕಿತ್ತದ್ದು ಮಧ್ಯಾಹ್ನ ಎರಡೂ ಮುಕ್ಕಾಲಿಗೆ.

ಅಲ್ಲಿ ಇನ್ನೊಂದು ಬಳ್ಳಿ ಇತ್ತೇ? ನೋಡಲಿಲ್ಲ, ಸೀಟಿ ಊದಿತು.
ಗಡ್ಡೆ ಸಮೇತ ಕೀಳದಿದ್ದರೆ ಮಾದರಿ ಪೂರ್ಣವಲ್ಲ.
ಇದೂ ನಾನೇ ವರ್ಷವರ್ಷ
ಹುಡುಗರಿಗೆ ಹೇಳಿಕೊಡುವ ನಿಯಮ.

ನೊಣಕ್ಕೆ ಚೀಟಿಯಲ್ಲಿ ಸಾಲಿಲ್ಲ.
ಹಾಗೇ ಬಿಟ್ಟು, ಕಾಂಡದ ಎರಡು ಕಡೆ ದಾರ ಹೊಲಿದೆ.
ಕಪಾಟು ತೆರೆದರೆ ನುಸಿಗುಳಿಗೆಯ ವಾಸನೆ.
ಕಣಗಿಲೆಯ ಅರೆಯಲ್ಲಿಡಬೇಕು.
ಕೈ ಎಕ್ಕದ ಅರೆಗೆ ಹೋಯಿತು.